ಅತಿಥಿಯಾಗಿ ಕಲಿತ ಪಾಠ



ಬೆಲೆಯ ಏರಿಳಿತ, ಅಡಿಕೆಯ ಕೊಳೆರೋಗಗಳ ನಡುವೆ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟವರು ನಮ್ಮಲ್ಲಿ ಹಲವರಿದ್ದಾರೆ. ಈ ಕೆಲಸವನ್ನು ಮೊದಲು ಅತಿಥಿಯಾಗಿ ಕಲಿಯಬೇಕೆಂಬುದು ನಮಗೆ ಮನವರಿಕೆಯಾದದ್ದು, ಕಳೆದ ಕೊಯ್ಲಿನ ಬಳಿಕ ಕೊಡಗಿನ ಎರಡು ಮನೆಗಳಲ್ಲಿ ಹಣ ತೆತ್ತು ತಂಗಿದಾಗ.

ಮೊದಲ ಮನೆಯವರು ಊಟದ ಹೊತ್ತು, ಕೊನೆಯ ಬಸ್ಸಿನ ಸಮಯ, ಬಾಡಿಗೆಯಲ್ಲಿ ಸೇರಿದ್ದು ಯಾವುದು, ಸೇರದ್ದು ಯಾವುದು ಎಂಬುದನ್ನೆಲ್ಲ ಮುಂಚಿತವಾಗಿಯೇ ತಿಳಿಸಿದ್ದರು. ಮನೆಯವರೊಡನೆ ಕುಳಿತು ಕಡಂಬುಟ್ಟು ತಿಂದೆವು. ಹೊರಡುವಾಗ ಲೆಕ್ಕದಲ್ಲಿ ಒಂದು ಮಾತೂ ಹೆಚ್ಚಾಗಲಿಲ್ಲ.

ಎರಡನೆಯ ಮನೆಯ ಆದರವೂ ಕಡಿಮೆಯಲ್ಲ. ಆದರೆ ಅಲ್ಲಿ ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇತ್ತು. ಚಳಿಗೆಂದು ಕಿಟಕಿಯನ್ನು ಭದ್ರವಾಗಿ ಮುಚ್ಚಿದ್ದರು. ಸ್ನಾನದ ನಡುವೆ ತಲೆ ಸಿಡಿಯತೊಡಗಿತು, ಕಾಲು ಕುಸಿಯಿತು. ಹೇಗೋ ಚಿಲಕ ತೆಗೆದು ಹೊರಬಿದ್ದೆವು.

ಕಾರಣ ಸರಳ. ಗಾಳಿ ಸಾಲದೆ ಅನಿಲ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮುನ್ಸೂಚನೆ. ಅದನ್ನು ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ.

ಊರಿಗೆ ಬಂದು ನಮ್ಮ ಬಚ್ಚಲನ್ನು ನೋಡಿದೆವು. ಗೀಸರ್ ಒಳಗೇ ಇತ್ತು. ಗವಾಕ್ಷಿಗೆ ಜಿರಲೆ ಬಾರದಂತೆ ಪ್ಲಾಸ್ಟಿಕ್ ಬಡಿದವರು ನಾವೇ! ಮೊಮ್ಮಕ್ಕಳು ದಿನವೂ ಮೀಯುತ್ತಿದ್ದುದು ಅಲ್ಲಿಯೇ. ಆ ಮನೆಯವರನ್ನು ದೂರುವ ಬಾಯಿ ಅಲ್ಲಿಗೆ ಕಟ್ಟಿತು. ಮರುದಿನವೇ ಗೀಸರನ್ನು ಹೊರಗೋಡೆಗೆ ಸಾಗಿಸಿದೆವು.

ಆದ್ದರಿಂದ ಗಮನಿಸಬೇಕಾದ ಅಂಶಗಳು:

1. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಚ್ಚಲಿನ ಗವಾಕ್ಷಿಯನ್ನು ಎಂದಿಗೂ ಮುಚ್ಚಬೇಡಿ.

2. ಯಾರಿಗಾದರೂ ತಲೆ ಸುತ್ತಿದರೆ ಕೂಡಲೇ ಹೊರಗಿನ ಗಾಳಿಗೆ ಕರೆತಂದು, ಗ್ಯಾಸ್ ನಿಲ್ಲಿಸಿ, ವೈದ್ಯರಲ್ಲಿಗೆ ಒಯ್ಯಿರಿ.

3. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಕೇಂದ್ರದ ಯೋಜನೆಯಲ್ಲಿ 1ರಿಂದ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ. ಮನೆಯವರು ಅಲ್ಲಿಯೇ ವಾಸವಿರಬೇಕು.

4. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ವರದಿ ಸಲ್ಲಿಸುವುದು ಕಡ್ಡಾಯ.

5. ನೀವೇ ಪ್ರವಾಸ ಹೊರಟಾಗ ಬಾಡಿಗೆ, ಊಟ, ದಾರಿಗಳ ಜೊತೆಗೆ ಗೀಸರ್ ಎಲ್ಲಿದೆಯೆಂದೂ ಕೇಳಿರಿ. ಸಂಕೋಚ ಬೇಡ.

ಕೊನೆಯದಾಗಿ, ಅತಿಥಿಗೆ ಕೊಡುವ ಕೋಣೆಯಲ್ಲಿ ಮೊದಲು ನೀವು ಒಂದು ರಾತ್ರಿ ಮಲಗಿ, ಬೆಳಿಗ್ಗೆ ಅಲ್ಲಿಯೇ ಸ್ನಾನ ಮಾಡಿ ನೋಡಿರಿ. ಯಾವ ತಪಾಸಣಾಧಿಕಾರಿಗೂ ಕಾಣದ ಕೊರತೆ ನಿಮಗೆ ಕಂಡೀತು.

— ಕಾರ್ಯದರ್ಶಿ