ಅಳಿಯನ ಸಿಜೆಡ್‌ಗೆ ಮಾವನ ಯೆಜ್ಡಿ ಸಾಮಾನು ಹೊಂದೀತೇ?

ಪ್ರಶ್ನೆ: ಅಮೆರಿಕದ ಒಹಾಯೊದಲ್ಲಿರುವ ನಮ್ಮ ಅಳಿಯ 1969ರ ಸಿಜೆಡ್ 250 ಮೋಟೋಕ್ರಾಸ್ ಬೈಕೊಂದನ್ನು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಕೊಂಡು ತಂದಿದ್ದಾರೆ. ಎಂಜಿನ್ ಜಾಮ್ ಆಗಿದೆಯಂತೆ, ಸಾಮಾನು ಸಿಗುತ್ತಿಲ್ಲವಂತೆ. ಅದೂ ಜಾವಾ ಸಂಸಾರದ್ದೇ ಎಂದು ಕೇಳಿದ್ದೇನೆ. ನಮ್ಮ ತೋಟದಲ್ಲಿ ಎರಡು ಹಳೆಯ ಯೆಜ್ಡಿಗಳಿವೆ. ಅವುಗಳ ಸಾಮಾನು ಅದಕ್ಕೆ ಹೊಂದುತ್ತದೆಯೇ? ಇಲ್ಲದಿದ್ದರೆ ಇಷ್ಟು ಹಳೆಯ ರೇಸ್ ಬೈಕಿಗೆ ಜನ ಸ್ಪೇರ್ಸ್ ಎಲ್ಲಿಂದ ತರುತ್ತಾರೆ?
— ಓದುಗರು, ಸಕಲೇಶಪುರ

ಉತ್ತರ: ಹೊಂದುವುದಿಲ್ಲ. ದಯವಿಟ್ಟು ಯೆಜ್ಡಿಗಳಿಗೆ ಸ್ಪ್ಯಾನರ್ ಹಾಕಬೇಡಿ.

ನೀವು ಕೇಳಿದ ಸಂಬಂಧ ಸುಳ್ಳಲ್ಲ, ಆದರೆ ಅದು ದಾಯಾದಿ ಸಂಬಂಧ. ಜಾವಾ ಪ್ರಾಗ್ ಊರಿನದು. ಸಿಜೆಡ್ ಸ್ಟ್ರಾಕೊನಿಟ್ಸೆ ಎಂಬ ಊರಿನ ಕಾರ್ಖಾನೆ; ಹೆಸರಿನ ಅರ್ಥವೇ ಚೆಕ್ ಶಸ್ತ್ರಾಸ್ತ್ರ ಕಾರ್ಖಾನೆ, ಬಂದೂಕು ಮಾಡುತ್ತಿದ್ದವರು ಬೈಕಿಗೆ ಇಳಿದರು. ಎರಡನೇ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯದ ಸರ್ಕಾರ ಎರಡನ್ನೂ ತನ್ನದಾಗಿಸಿಕೊಂಡಿತು, ಜಾವಾ-ಸಿಜೆಡ್ ಎಂಬ ಜೋಡಿ ಹೆಸರಿನಲ್ಲೇ ಗಾಡಿಗಳು ಹೊರಬಂದವು. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಮಾಡಿದ್ದು ಆ ಮನೆಯ ರಸ್ತೆ ಬೈಕು; ನಿಮ್ಮ ಯೆಜ್ಡಿ ಅದರದೇ ಸಂತತಿ. ನಿಮ್ಮ ಅಳಿಯಂದಿರ ಬಳಿ ಇರುವುದು ಗುದ್ದಾಟಕ್ಕೆಂದೇ ಹುಟ್ಟಿದ್ದು. ಯೆಜ್ಡಿಯ ಬೋರ್ 65 ಮಿಮೀ, ಸ್ಟ್ರೋಕ್ 75. ಸಿಜೆಡ್ 250ರದು 70 ಮತ್ತು 64. ಎರಡೂ 250 ಸಿಸಿ ವರ್ಗದವೇ, ಆದರೆ ಒಂದು ಉದ್ದ ಹೆಜ್ಜೆಯದು, ಇನ್ನೊಂದು ಗಿಡ್ಡ ಹೆಜ್ಜೆಯದು. ಕಾಫಿ ಮೂಟೆ ಹೇರಿಕೊಂಡು ಘಾಟಿ ಹತ್ತಲು ಮೊದಲನೆಯದು ಸರಿ. ಕೆಸರಿನಲ್ಲಿ ಕಿರುಚಿಕೊಂಡು ಹಾರಲು ಎರಡನೆಯದು. ಪಿಸ್ಟನ್ನು, ಕ್ರ್ಯಾಂಕು, ಬ್ಲಾಕು ಯಾವುದೂ ಅದಲು ಬದಲು ಆಗುವುದಿಲ್ಲ.

ಆದರೂ ರಕ್ತಸಂಬಂಧದ ಒಂದು ಗುರುತಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು ನಮ್ಮ ಜಾವಾದ ವೈಖರಿ ತಾನೇ? ಅರವತ್ತರ ದಶಕದ ನಡುವಿನ ಸಿಜೆಡ್ ರೇಸ್ ಬೈಕುಗಳಿಗೂ ಹಾಗೆಯೇ ಎರಡು ಕೊಳವೆ ಇದ್ದವು. ಅಂಥ ಬೈಕಿನಲ್ಲೇ ಬೆಲ್ಜಿಯಂನ ಜೋಯೆಲ್ ರೋಬೆರ್ 1964ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತ ಮೂರು ವರ್ಷ 500 ಸಿಸಿ ಪಟ್ಟ ಹೊಡೆದ. ಭಾರಿ ಫೋರ್‌ಸ್ಟ್ರೋಕ್‌ಗಳ ಆ ವರ್ಗದಲ್ಲಿ ಟೂಸ್ಟ್ರೋಕ್ ಗೆದ್ದದ್ದು ಅದೇ ಮೊದಲು. ರೋಬೆರ್ 1968 ಮತ್ತು 1969ರಲ್ಲಿ ಮತ್ತೆ ಸಿಜೆಡ್‌ನಲ್ಲೇ ಗೆದ್ದು, ಆಮೇಲೆ ಸುಜುಕಿಗೆ ಹೋದ. ನಿಮ್ಮ ಮನೆಯವರ ಕೈಗೆ ಸಿಕ್ಕಿರುವುದು ಆ ಏರುಗಾಲದ ಗಾಡಿ. ಅರ್ಧ ಬಿಚ್ಚಿದ್ದಾದರೂ ನನಗೆ ಹೊಟ್ಟೆಕಿಚ್ಚೇ.

ಇನ್ನು ಸಾಮಾನಿನ ವಿಚಾರ. ‘ಸಿಗುವುದಿಲ್ಲ’ ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಹಳೆಯ ಎಂಜಿನ್ನಿನೊಳಗಿನ ಎಷ್ಟೋ ಸಾಮಾನು ಆ ಕಂಪನಿಯದೇ ಅಲ್ಲ. ಕ್ರ್ಯಾಂಕ್ ಬೇರಿಂಗ್ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಅಂಚನ್ನು ಓರೆ ಬೆಳಕಿಗೆ ಹಿಡಿದರೆ ಒಂದು ಸಂಖ್ಯೆ ಕಾಣುತ್ತದೆ. 6305 ಎಂದಿತ್ತೆನ್ನಿ: ಒಳವ್ಯಾಸ 25 ಮಿಮೀ, ಹೊರವ್ಯಾಸ 62, ದಪ್ಪ 17. ಸ್ಟ್ರಾಕೊನಿಟ್ಸೆಯಲ್ಲೂ ಅಷ್ಟೇ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಅಷ್ಟೇ. ಕ್ರ್ಯಾಂಕಿಗೆ ಕೊಳ್ಳುವಾಗ ಸಿ3 ಎಂಬ ಗುರುತಿನದನ್ನೇ ಕೇಳಿ ಪಡೆಯಬೇಕು. ಬಿಸಿಗೆ ಲೋಹ ಹಿಗ್ಗಿದಾಗ ಬಿಗಿಯದಂತೆ ಅದರೊಳಗೆ ತುಸು ಹೆಚ್ಚು ಸಡಿಲ ಬಿಟ್ಟಿರುತ್ತಾರೆ. ಆಯಿಲ್ ಸೀಲಿನ ಕಥೆಯೂ ಇದೇ, ಮೂರು ಅಳತೆ ಗೊತ್ತಿದ್ದರೆ ಸಾಕು.

ಅಳತೆ ಗೊತ್ತಿದ್ದರೆ, ಎಂದೆ. ನನ್ನ ಜಾವಾದ ಎಂಜಿನ್ ಮೊದಲ ಸಲ ಬಿಚ್ಚಿದಾಗ ಹೇಗೂ ಹಾಳಾಗಿದೆಯಲ್ಲ ಎಂದು ಹರಿದ ಸೀಲನ್ನು ಕಸಕ್ಕೆ ಎಸೆದೆ. ಆಮೇಲೆ ಅಂಗೈಯಲ್ಲಿ ಮುಚ್ಚಿಹೋಗುವ ಆ ರಬ್ಬರ್ ಬಳೆಗಾಗಿ ಮೂರು ವಾರ ಅಲೆದೆ. ಪ್ರತಿ ಅಂಗಡಿಯಲ್ಲೂ ಒಂದೇ ಪ್ರಶ್ನೆ: ‘ಹಳೇದು ತಂದಿದೀರಾ ಸಾರ್?’ ಅಂದಿನಿಂದ ಮುರಿದ ಸರ್ಕ್ಲಿಪ್ ಕೂಡ ನಮ್ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಇರುತ್ತದೆ. ಹಾಗಾಗಿ ಇಂಥ ಬೈಕು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಸಾಮಾನು ಕೆಟ್ಟಿದ್ದರೆ ಪರವಾಗಿಲ್ಲ, ಕಾಣೆಯಾಗಿದ್ದರೆ ಕಷ್ಟ. ತುಕ್ಕು ಹಿಡಿದ ಗೇರು ನೋಡಿ ಇನ್ನೊಂದು ಮಾಡಿಸಬಹುದು. ಡಬ್ಬಿಯಲ್ಲಿ ಇಲ್ಲದ ಗೇರು ಹೇಗಿತ್ತೆಂದು ಹೇಳುವವರಾದರೂ ಯಾರು? ‘ಅರ್ಧ ಬಿಚ್ಚಿದ’ ಎಂದು ನೀವು ಬರೆದದ್ದೇ ನನಗೆ ಎಲ್ಲಕ್ಕಿಂತ ಚಿಂತೆಯ ಮಾತು. ಅಳಿಯಂದಿರು ಮೊದಲು ಮಾಡಬೇಕಾದ್ದು ಆ ಮಾದರಿಯ ಪಾರ್ಟ್ಸ್ ಬುಕ್ ಹಿಡಿದು, ಚಿತ್ರದ ಪಕ್ಕ ಸಾಮಾನು ಇಟ್ಟು, ಏನಿದೆ ಏನಿಲ್ಲ ಎಂದು ಲೆಕ್ಕ ಹಾಕುವುದು.

ಆ ಪುಸ್ತಕದಲ್ಲಿರುವ ಪಾರ್ಟ್ ನಂಬರೇ ಸಾಮಾನಿನ ನಿಜನಾಮ. ಹುಡುಕಬೇಕಾದ್ದು ಅದರಿಂದ. ಜೊತೆಗೆ ಕೆಲವು ಚೆಕ್ ಪದ ಕಲಿತರೆ ಲಾಭವಿದೆ: ಸಿಲಿಂಡರಿಗೆ ವಾಲೆಟ್ಸ್, ಪಿಸ್ಟನ್ನಿಗೆ ಪೀಸ್ಟ್, ಕ್ಲಚ್ಚಿಗೆ ಸ್ಪೊಯ್ಕಾ. ಸ್ಟ್ರಾಕೊನಿಟ್ಸೆಯ ಸುತ್ತಮುತ್ತ ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಸಿ ಮಾರುವ ಮುದುಕರು ಜಾಹೀರಾತನ್ನು ಇಂಗ್ಲಿಷಿನಲ್ಲಿ ಕೊಡುತ್ತಾರೆಯೇ? ಇನ್ನು ಒಹಾಯೊದಲ್ಲಿರುವುದೇ ಅಳಿಯಂದಿರ ಭಾಗ್ಯ. ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಪ್ರತಿ ಜುಲೈನಲ್ಲಿ ಅದೇ ರಾಜ್ಯದ ಲೆಕ್ಸಿಂಗ್ಟನ್ ಬಳಿ ವಿಂಟೇಜ್ ಬೈಕ್ ಹಬ್ಬ ಮಾಡುತ್ತದೆ. ಅಲ್ಲಿನ ಹಳೆ ಸಾಮಾನಿನ ಸಂತೆ ಬಹಳ ದೊಡ್ಡದು. ನಮ್ಮ ಶಿವಾಜಿನಗರದ ಗುಜರಿಯನ್ನೋ ಚೆನ್ನೈನ ಪುದುಪೇಟೆಯನ್ನೋ ಬಯಲಿನಲ್ಲಿ ಹರಡಿದ ಹಾಗೆ ಎಂದುಕೊಳ್ಳಿ. ಜರ್ಮನಿಯ ಮಾನ್‌ಹೈಮ್‌ನಲ್ಲಿ ನಡೆಯುವ ವೆಟೆರಾಮಾ ಸಂತೆಯೂ ಅಂಥದೇ. ಹೋಗುವಾಗ ಕೈಯಲ್ಲಿ ಮುರಿದ ಸಾಮಾನು, ಜೇಬಿನಲ್ಲಿ ವರ್ನಿಯರ್ ಇರಲಿ.

ಕೆಲವು ಸಾಮಾನು ನಿಜಕ್ಕೂ ಅಪರೂಪವೇ: ಎಂಜಿನ್ ಕೇಸಿಂಗ್, ಗೇರುಗಳು, ಪಾಲ್ ಕಂಪನಿಯ ಮ್ಯಾಗ್ನೆಟೊ, ಸರಿಯಾದ ಸೈಲೆನ್ಸರ್ ಕೊಳವೆ. ಮ್ಯಾಗ್ನೆಟೊ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಮುಚ್ಚಳ ಮುಚ್ಚಿಬಿಡುವವರಿದ್ದಾರೆ. ನಾನೂ ಅದೇ ಪಕ್ಷ. ಕೊಳವೆಯದು ಮಾತ್ರ ಬೇರೆಯೇ ವಿದ್ಯೆ. ಟೂಸ್ಟ್ರೋಕ್ ರೇಸ್ ಬೈಕಿನ ಹೊಟ್ಟೆ ಉಬ್ಬಿದ ಕೊಳವೆ ಬರೀ ಹೊಗೆ ಹೊರಹಾಕುವುದಿಲ್ಲ. ಹೊರಗೆ ಓಡುವ ಒತ್ತಡದ ಅಲೆಯನ್ನು ಅದು ಹಿಂದಕ್ಕೆ ತಳ್ಳಿ, ತಪ್ಪಿಸಿಕೊಳ್ಳುತ್ತಿದ್ದ ಹಸಿ ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ನೂಕುತ್ತದೆ. ಉಬ್ಬಿನ ಅಳತೆ ತಪ್ಪಿದರೆ ಬೈಕು ಸತ್ತ ಹಾಗೆ ಓಡುತ್ತದೆ. ಇಂಥದನ್ನು ಮತ್ತೆ ಮಾಡುವ ಒಂದು ರೀತಿ ನೋಡಲು ಬಲು ಚಂದ: ಆಕಾರಕ್ಕೆ ಕತ್ತರಿಸಿದ ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಅಂಚಿನ ಸುತ್ತ ವೆಲ್ಡ್ ಮಾಡಿ, ನಡುವೆ ಪಂಪಿನಿಂದ ನೀರು ನುಗ್ಗಿಸುತ್ತಾರೆ. ಚಪ್ಪಟೆ ತಗಡು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿ ಕೊಳವೆಯಾಗುತ್ತದೆ.

ಕ್ರ್ಯಾಂಕ್ ಕೆಲಸವನ್ನು ಮಾತ್ರ ಸಿಕ್ಕಸಿಕ್ಕವರಿಗೆ ಕೊಡಬಾರದು. ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಕ್ರ್ಯಾಂಕಿನ ಎರಡು ಚಕ್ರಗಳನ್ನು ಪ್ರೆಸ್‌ನಲ್ಲಿ ಬಿಡಿಸಿ, ಹೊಸ ಪಿನ್ನಿಟ್ಟು ಮತ್ತೆ ಒತ್ತಬೇಕು. ಒತ್ತಿದ ಮೇಲೆ ಅದು ನೆಟ್ಟಗಿರುವುದಿಲ್ಲ. ನಾನು ಕೆಲಸ ಮಾಡಿಸುವ ಮೈಸೂರಿನ ಮೇಸ್ತ್ರಿ ಕ್ರ್ಯಾಂಕನ್ನು ಎರಡು ವಿ-ಬ್ಲಾಕುಗಳ ಮೇಲೆ ಮಲಗಿಸಿ, ಶಾಫ್ಟಿಗೆ ಡಯಲ್ ಗೇಜ್ ತಾಗಿಸಿ, ಬೆರಳಲ್ಲಿ ನಿಧಾನ ತಿರುಗಿಸುತ್ತಾರೆ. ಮುಳ್ಳು ಓಡಿದ ಕಡೆ ಸೀಮೆಸುಣ್ಣದ ಗುರುತು, ಅಲ್ಲಿಗೆ ತಾಮ್ರದ ಸುತ್ತಿಗೆಯ ಒಂದು ಏಟು. ಮತ್ತೆ ತಿರುಗಿಸು, ಮತ್ತೆ ಏಟು. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿಗೆ ಮುಳ್ಳು ನಿಂತರೆ ಬೀಡಿ ಹಚ್ಚುತ್ತಾರೆ. ಅವರು ಬೀಡಿ ಹಚ್ಚುವ ತನಕ ಹಣದ ಮಾತೆತ್ತುವ ಹಾಗಿಲ್ಲ.

ಎಂಜಿನ್ ಕೂಡಿಸಿದ ಮೇಲೆ ದ್ವಾರಗಳನ್ನೆಲ್ಲ ಮುಚ್ಚಿ ಒಳಗೆ ಆರು ಪಿಎಸ್‌ಐ ಗಾಳಿ ತುಂಬಿ ಕೆಲವು ನಿಮಿಷ ನಿಲ್ಲುತ್ತದೆಯೇ ನೋಡಬೇಕು. ಸೀಲು ಸೋರಿದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲಿನ ಜೊತೆ ಬರುವ ಆಯಿಲ್ ಸಾಲದೆ ಹೊಸ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಯಿಲ್ ಎಂದಾಗ ನೆನಪಾಯಿತು: ಹಳೆಯ ರೇಸ್ ಮೈದಾನದ ಆ ಪ್ರಸಿದ್ಧ ಕಂಪು ಬೇರೇನಲ್ಲ, ಹರಳೆಣ್ಣೆ ಸುಟ್ಟ ವಾಸನೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಈಗ ಸಿಂಥೆಟಿಕ್ ಟೂಟಿ ಆಯಿಲ್ ಸಾಕು. ಪೆಟ್ರೋಲಿಗೆ ಬೆರೆಸುತ್ತಿರುವ ಎಥನಾಲ್ ಬಗ್ಗೆ ಎಚ್ಚರವಿರಲಿ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಬುಲ್ಟಾಕೊದಂಥ ಬೈಕುಗಳ ಫೈಬರ್‌ಗ್ಲಾಸ್ ಟ್ಯಾಂಕನ್ನೇ ಕರಗಿಸುತ್ತದೆ. ನಿಮ್ಮ ಯೆಜ್ಡಿಗಳ ಪೆಟ್ರೋಲ್ ಪೈಪನ್ನೂ ಒಮ್ಮೆ ಹಿಸುಕಿ ನೋಡಿ.

ಅಳಿಯಂದಿರಿಗೆ ಅದನ್ನು ರೇಸಿನಲ್ಲಿ ಓಡಿಸುವ ಆಸೆಯಿದ್ದರೆ ಶಾಕ್ ಅಬ್ಸಾರ್ಬರ್ ಬದಲಿಸುವ ಮುನ್ನ ನಿಯಮ ಓದಲಿ. ಅಲ್ಲಿನ ವಿಂಟೇಜ್ ವರ್ಗದಲ್ಲಿ ಹಿಂದಿನ ಚಕ್ರದ ಏರಿಳಿತ ನಾಲ್ಕು ಇಂಚು, ಮುಂದಿನದು ಏಳು ಇಂಚು ಮೀರುವಂತಿಲ್ಲ. ಪ್ರದರ್ಶನಕ್ಕಷ್ಟೇ ಆದರೆ ಕನ್ನಡಿಯಂಥ ಪಾಲಿಶ್ ಮಾಡಿಸದಿರಲಿ. ಆ ಬೈಕು ಕಾರ್ಖಾನೆಯಿಂದಲೇ ಒರಟು ಬೆಸುಗೆ, ಸಾಧಾರಣ ಬಣ್ಣದೊಂದಿಗೆ ಬಂದದ್ದು. ಮದುವೆ ಹೆಣ್ಣಿನ ಹಾಗೆ ಸಿಂಗರಿಸಿದ ಸಿಜೆಡ್ ನೋಡಿದರೆ ನನಗೆ ಕನಿಕರವಾಗುತ್ತದೆ.

ಸದ್ಯಕ್ಕೆ ಒಂದು ಮಾತನ್ನು ಇವತ್ತೇ ಫೋನ್ ಮಾಡಿ ತಿಳಿಸಿ. ಜಾಮ್ ಆದ ಎಂಜಿನ್ನಿಗೆ ಕಿಕ್ ಹೊಡೆಯಬಾರದು. ತುಕ್ಕಿಗೆ ಅಂಟಿಕೊಂಡ ರಿಂಗು ಪೋರ್ಟಿನ ಕಿಂಡಿಗೆ ಸಿಕ್ಕಿ ಮುರಿದರೆ ಬ್ಲಾಕ್ ಗೀರಿಹೋಗುತ್ತದೆ, ಆ ಬ್ಲಾಕ್ ಸುಲಭಕ್ಕೆ ಸಿಗುವುದಿಲ್ಲ. ಪ್ಲಗ್ ಬಿಚ್ಚಿ, ಡೀಸೆಲ್‌ಗೆ ಸ್ವಲ್ಪ ಗೇರ್ ಆಯಿಲ್ ಬೆರೆಸಿ ಒಳಗೆ ಹೊಯ್ದು, ಹತ್ತು ದಿನ ಮುಟ್ಟದೆ ಬಿಡಲಿ.