ಕಾವಲಿಗೆ ಮೊದಲು ಪರಿಚಯ: ಸುರಕ್ಷಿತ ನೆರೆಹೊರೆಯ ಪಾಠ



ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಚೌಕ ಬರೆಯಿರಿ. ಅದು ನಿಮ್ಮ ಮನೆ. ಅದರ ಎಡಕ್ಕೆ ಐದು, ಬಲಕ್ಕೆ ಐದು ಚೌಕ ಬರೆಯಿರಿ. ಅವು ನಿಮ್ಮ ನೆರೆಮನೆಗಳು. ಈಗ ಒಂದೊಂದು ಚೌಕದಲ್ಲೂ ಆ ಮನೆಯ ಒಬ್ಬರ ಹೆಸರು ಬರೆಯಿರಿ. ರಾತ್ರಿ ಹನ್ನೆರಡಕ್ಕೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಸಂಕೋಚವಿಲ್ಲದೆ ಬಾಗಿಲು ತಟ್ಟಬಹುದಾದ ಮನೆಗಳಿಗೆ ಗುರುತು ಹಾಕಿ.

ಎಷ್ಟು ಚೌಕ ಖಾಲಿ ಉಳಿದವು? ಆ ಖಾಲಿ ಚೌಕಗಳೇ ಇಂದಿನ ಪಾಠದ ವಿಷಯ. ಬೀಗ, ಸಿಸಿಟಿವಿ, ಬೀದಿದೀಪ ಎಲ್ಲವೂ ಬೇಕು. ಆದರೆ ಅವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಬ್ಬರಿಗೊಬ್ಬರ ಪರಿಚಯ. ಪರಿಚಯವಿಲ್ಲದ ಕಡೆ ಕಾವಲು ಕಟ್ಟಲು ಹೋದರೆ ಏನಾಗುತ್ತದೆ ಎಂಬುದನ್ನೂ ಮುಂದೆ ನೋಡೋಣ.

ತಳವಾರನಿಂದ ಬೀಟ್ ಪೊಲೀಸರವರೆಗೆ

ಊರನ್ನು ಊರಿನವರೇ ಕಾಯುವುದು ನಮಗೆ ಹೊಸದಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತಳವಾರ, ತೋಟಿ ಎಂಬ ಗ್ರಾಮಸೇವಕರಿದ್ದರು. ಯಾರ ಹೊಲದಲ್ಲಿ ಬೆಳೆ ಕದ್ದರು, ಯಾವ ದಾರಿಯಲ್ಲಿ ಯಾರು ಬಂದರು ಎಂಬುದು ಅವರಿಗೆ ತಿಳಿದಿರುತ್ತಿತ್ತು. ಆದರೆ ಆ ಕೆಲಸ ವಂಶಪಾರಂಪರ್ಯವಾಗಿ ಕೆಲವೇ ಮನೆತನಗಳ ಹೆಗಲ ಮೇಲಿತ್ತು. ಊರಿನ ಉಳಿದವರು ನಿಶ್ಚಿಂತೆಯಿಂದ ಮಲಗುತ್ತಿದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಇಂಥ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂದು, ಊರಿನ ಸ್ವಯಂಸೇವಕರು 'ದಳಪತಿ'ಯ ಮುಂದಾಳತ್ವದಲ್ಲಿ ಪೊಲೀಸರಿಗೆ ನೆರವಾಗುವ ವ್ಯವಸ್ಥೆಯಾಯಿತು. ಒಂದು ಮನೆತನದ ಹೊರೆ ಎಲ್ಲರೂ ಹೊರಬಹುದಾದ ಹೊಣೆಯಾದದ್ದು ಹೀಗೆ.

2017ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆ ಸುಧಾರಿತ ಬೀಟ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟ್‌ಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಪೊಲೀಸ್ ಸಿಬ್ಬಂದಿಯನ್ನು ಹೊಣೆಗಾರರನ್ನಾಗಿ ಮಾಡಿ, ಅಲ್ಲಿನ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವುದು ಇದರ ತಿರುಳು. ಗಣೇಶ ಹಬ್ಬ, ಈದ್ ಮಿಲಾದ್ ಹತ್ತಿರವಾದಾಗ ಠಾಣೆಗಳಲ್ಲಿ ನಡೆಯುವ ಶಾಂತಿ ಸಭೆಯೂ ಇದೇ ಜಾತಿಯದು. ನಿಮ್ಮ ಬೀದಿಯ ಬೀಟ್ ಪೊಲೀಸರ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಹನ್ನೊಂದನೆಯ ಚೌಕವೂ ಖಾಲಿ ಎಂದೇ ಲೆಕ್ಕ.

ಚಿಕಾಗೋ ನಗರ ಕಲಿಸಿದ್ದು

ಎರಡು ಬಡಾವಣೆಗಳಲ್ಲಿ ಬಡತನ ಒಂದೇ ಸಮನಾಗಿದ್ದರೂ ಒಂದರಲ್ಲಿ ಅಪರಾಧ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವುದೇಕೆ? ಸಮಾಜಶಾಸ್ತ್ರಜ್ಞರನ್ನು ಬಹುಕಾಲ ಕಾಡಿದ ಪ್ರಶ್ನೆ ಇದು. ಅಮೆರಿಕದ ಚಿಕಾಗೋ ನಗರದ 343 ನೆರೆಹೊರೆಗಳಲ್ಲಿ 8,782 ನಿವಾಸಿಗಳನ್ನು ಮಾತನಾಡಿಸಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆಗಳು ಬಹಳ ಸರಳ. ಮಕ್ಕಳು ಶಾಲೆ ತಪ್ಪಿಸಿ ಬೀದಿಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಕೇಳುತ್ತಾರೆಯೇ? ಮನೆಯ ಮುಂದೆ ಜಗಳವಾದರೆ ಬಿಡಿಸಲು ಬರುತ್ತಾರೆಯೇ? ಇಲ್ಲಿನ ಜನರನ್ನು ನಂಬಬಹುದೇ?

'ಹೌದು' ಎಂಬ ಉತ್ತರ ಹೆಚ್ಚಾಗಿದ್ದ ಕಡೆ ಹಿಂಸೆ ಕಡಿಮೆ ಇತ್ತು. ಬಡತನದಂಥ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಈ ಗುಣವನ್ನು ನಾವು 'ಸಾಮೂಹಿಕ ಸಾಮರ್ಥ್ಯ' ಎನ್ನಬಹುದು. ಇದರಲ್ಲಿ ಎರಡು ಭಾಗಗಳಿವೆ ಎಂಬುದನ್ನು ಗಮನಿಸಿ: ಒಂದು ಪರಸ್ಪರ ನಂಬಿಕೆ, ಇನ್ನೊಂದು ಊರಿನ ಒಳಿತಿಗಾಗಿ ಮಧ್ಯೆ ಪ್ರವೇಶಿಸುವ ಮನಸ್ಸು. ಮೊದಲನೆಯದು ಇಲ್ಲದೆ ಎರಡನೆಯದು ಮಾತ್ರ ಇದ್ದರೆ ಅದು ಅಪಾಯ. ಎರಡೂ ಕೂಡಿದ್ದ ಒಂದು ಊರಿನ ಕಥೆಯನ್ನು ಮೊದಲು ನೋಡೋಣ, ಆಮೇಲೆ ನಂಬಿಕೆ ತಪ್ಪಿದ ಊರಿನದು.

ಭಿವಂಡಿ: ಜೊತೆಗೆ ಕೂತ ಊರು

ಮುಂಬೈ ಹತ್ತಿರದ ಭಿವಂಡಿ ವಿದ್ಯುತ್ ಮಗ್ಗಗಳ ಪಟ್ಟಣ. 1970ರಲ್ಲಿ, ಮತ್ತೆ 1984ರಲ್ಲಿ ಅಲ್ಲಿ ಹಿಂದೂ-ಮುಸ್ಲಿಂ ಗಲಭೆಗಳಾಗಿ ಅನೇಕ ಜೀವಗಳು ಹೋದವು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಹೆಚ್ಚು ಲಾಠಿ, ಹೆಚ್ಚು ವ್ಯಾನುಗಳಿಗಿಂತ ಬೇರೆ ದಾರಿ ಹಿಡಿದರು. ಮೊಹಲ್ಲಾ ಮೊಹಲ್ಲಾಗಳಲ್ಲಿ ಸಮಿತಿ ಮಾಡಿದರು. ಅದರಲ್ಲಿ ಎರಡೂ ಸಮುದಾಯದ ಸಾಮಾನ್ಯ ಜನ ಸಮಸಮವಾಗಿ ಕೂತರು; ಅವರ ಜೊತೆ ಠಾಣೆಯ ಸಿಬ್ಬಂದಿ ಕೂತರು. ಅಲ್ಲಿ ದೊಡ್ಡ ಭಾಷಣಗಳಿರಲಿಲ್ಲ. ನೆರೆಹೊರೆಯ ಸಣ್ಣಪುಟ್ಟ ತಕರಾರುಗಳು ಅಲ್ಲೇ ಮಾತಿಗೆ ಬರುತ್ತಿದ್ದವು, ಅಲ್ಲೇ ಬಗೆಹರಿಯುತ್ತಿದ್ದವು.

1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಹೊತ್ತಿ ಉರಿಯಿತು. ಗಲಭೆಗೆ ಹೆಸರಾಗಿದ್ದ ಭಿವಂಡಿ ಆ ದಿನಗಳಲ್ಲಿ ಶಾಂತವಾಗಿತ್ತು. ಕಷ್ಟದ ರಾತ್ರಿಯಲ್ಲಿ ಒಬ್ಬರಿಗೊಬ್ಬರು ಫೋನ್ ಮಾಡಿ 'ಇದು ನಿಜವೇ?' ಎಂದು ಕೇಳಬೇಕಾದರೆ, ಅದಕ್ಕೆ ಮೊದಲು ಸಾಮಾನ್ಯ ದಿನಗಳಲ್ಲಿ ಚರಂಡಿಯ ವಿಷಯಕ್ಕಾದರೂ ಜೊತೆಗೆ ಕೂತಿರಬೇಕು.

ಇದರ ಮುಂದುವರಿಕೆಯಂಥ ಇನ್ನೊಂದು ಘಟನೆ. 2023ರ ಸೆಪ್ಟೆಂಬರ್ 28ರಂದು ಈದ್ ಮಿಲಾದ್ ಮತ್ತು ಗಣೇಶ ವಿಸರ್ಜನೆಯ ಅನಂತ ಚತುರ್ದಶಿ ಒಂದೇ ದಿನ ಬಂದವು. ಮುಂಬೈಯ ಮುಸ್ಲಿಂ ಮುಖಂಡರು ಕೂತು ಮಾತನಾಡಿ ತಮ್ಮ ಮೆರವಣಿಗೆಯನ್ನು ಒಂದು ದಿನ ಮುಂದಕ್ಕೆ ಹಾಕಿದರು. ಯಾರೂ ಸೋಲಲಿಲ್ಲ; ಎರಡು ಹಬ್ಬಗಳೂ ನಡೆದವು.

ಮುರ್ಕಿ: ಕಾವಲು ತಪ್ಪಿದ ದಿನ

ಈಗ ನಮ್ಮ ರಾಜ್ಯದ್ದೇ ಒಂದು ನೋವಿನ ಘಟನೆ. 2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ವಾಟ್ಸಾಪ್ ಸಂದೇಶಗಳು ಕರ್ನಾಟಕದ ಊರೂರು ಸುತ್ತಿದವು. ಅವುಗಳ ಜೊತೆ ಹರಿದಾಡಿದ ಒಂದು ವಿಡಿಯೋದಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ವಾಸ್ತವವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ಹಿಂದಿರುಗಿಸಿ ಎಚ್ಚರಿಕೆ ಹೇಳುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು.

ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿಗೆ ಹೈದರಾಬಾದಿನಿಂದ ಕೆಲವು ಸ್ನೇಹಿತರು ಕಾರಿನಲ್ಲಿ ಬಂದರು. ಅವರಲ್ಲೊಬ್ಬರು ಕತಾರ್ ದೇಶದವರು. ದಾರಿಯಲ್ಲಿ ಶಾಲಾ ಮಕ್ಕಳನ್ನು ಕಂಡು ಪ್ರೀತಿಯಿಂದ ಚಾಕೊಲೇಟ್ ಕೊಟ್ಟರು. ಅಷ್ಟೇ. ಸುದ್ದಿ ವಾಟ್ಸಾಪ್ ಗುಂಪಿಗೆ ಹೋಯಿತು. ಹೆದರಿ ಹೊರಟ ಕಾರನ್ನು ಮುರ್ಕಿ ಗ್ರಾಮದ ಬಳಿ ಅಡ್ಡಗಟ್ಟಲಾಯಿತು, ಕಾರು ಉರುಳಿತು. ಗಾಯಗೊಂಡವರಿಗೆ ನೀರು ಕೊಡಬೇಕಾದ ಕೈಗಳು ಕಲ್ಲು, ದೊಣ್ಣೆ ಎತ್ತಿದವು. ತಡೆಯಲು ಹೋದ ಪೊಲೀಸರೂ ಪೆಟ್ಟು ತಿಂದರು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಒಬ್ಬರು ಪ್ರಾಣ ಕಳೆದುಕೊಂಡರು. ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿ ಸುಮಾರು 30 ಮಂದಿಯ ಬಂಧನವಾಯಿತು. ಎರಡೂ ಕಡೆಯ ಮನೆಗಳು ಹಾಳಾದವು.

ಹೊಡೆದವರಲ್ಲಿ ಅನೇಕರು 'ನಮ್ಮ ಮಕ್ಕಳನ್ನು ಕಾಯುತ್ತಿದ್ದೇವೆ' ಎಂದೇ ನಂಬಿದ್ದಿರಬೇಕು. ಈ ಪಾಠದಲ್ಲಿ ನೀವು ಮುಖ್ಯವಾಗಿ ನೆನಪಿಡಬೇಕಾದದ್ದು ಇದೇ. ಮಧ್ಯೆ ಪ್ರವೇಶಿಸುವ ಮನಸ್ಸು ಅಲ್ಲಿ ಇತ್ತು. ನಂಬಿಕೆ, ವಿಚಾರಿಸುವ ತಾಳ್ಮೆ ಇರಲಿಲ್ಲ. ಆ ತಿಂಗಳಲ್ಲೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಹಾಕಿತು. ಜುಲೈ 17ರಂದು ಸುಪ್ರೀಂ ಕೋರ್ಟ್ ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ನೋಡಲ್ ಅಧಿಕಾರಿ ಇರಬೇಕೆಂದು ಆದೇಶಿಸಿತು. ಆದರೆ ಫಾರ್ವರ್ಡ್ ಒತ್ತುವ ಬೆರಳು ನಮ್ಮದೇ. ಅದಕ್ಕೆ ಕೋರ್ಟು ಕಾವಲು ಕೂರಲಾರದು.

ಇನ್ನೊಂದು ಸತ್ಯವನ್ನೂ ತಿಳಿಯಿರಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಹೆಚ್ಚಿನವು ಅಪರಿಚಿತರಿಂದ ನಡೆಯುವುದಿಲ್ಲ. ಮಗುವಿಗೆ ಗೊತ್ತಿರುವ ವ್ಯಕ್ತಿಯೇ ಆರೋಪಿಯಾಗಿರುವುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷ ವರ್ಷವೂ ತೋರಿಸುತ್ತವೆ. ಹಾಗಾಗಿ ದಾರಿಹೋಕನನ್ನು ಅಡ್ಡಗಟ್ಟುವುದರಿಂದ ಮಕ್ಕಳು ಸುರಕ್ಷಿತರಾಗುವುದಿಲ್ಲ. ಮಗು ಹೆದರದೆ ಬಂದು ಹೇಳಿಕೊಳ್ಳಬಹುದಾದ ಒಬ್ಬ ಅಕ್ಕ, ಒಬ್ಬ ಮೇಷ್ಟ್ರು, ಒಬ್ಬ ಅಜ್ಜಿ ಪ್ರತಿ ಬೀದಿಯಲ್ಲೂ ಇರಬೇಕು. ಪರಿಚಯ ಎಂದರೆ ಬರೀ ಮುಖಪರಿಚಯವಲ್ಲ, ಇಷ್ಟರ ಮಟ್ಟಿಗಿನ ಭರವಸೆ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ವಿಧಿಯಂತೆ, ಜಾಮೀನಿಲ್ಲದ ಗಂಭೀರ ಅಪರಾಧ ನಮ್ಮ ಕಣ್ಣೆದುರೇ ನಡೆದರೆ ಸಾಮಾನ್ಯ ನಾಗರಿಕರೂ ಆ ವ್ಯಕ್ತಿಯನ್ನು ಹಿಡಿಯಬಹುದು. ಆದರೆ ವಿಳಂಬ ಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯಲು, ಕಟ್ಟಿಹಾಕಲು, ಹೊಡೆಯಲು ಯಾರಿಗೂ ಅಧಿಕಾರವಿಲ್ಲ. ಕಣ್ಣಾಗಿರಿ, ಕಿವಿಯಾಗಿರಿ, ಕೈಯಾಗಬೇಡಿ.

ಈ ನಾಲ್ಕು ಸಂಖ್ಯೆಗಳನ್ನು ಬಾಯಿಪಾಠ ಮಾಡಿ: ಯಾವುದೇ ತುರ್ತಿಗೆ 112, ಮಕ್ಕಳ ಸಹಾಯಕ್ಕೆ 1098, ಮಹಿಳಾ ಸಹಾಯಕ್ಕೆ 181, ಆನ್‌ಲೈನ್ ಹಣದ ಮೋಸಕ್ಕೆ 1930. ಹಣ ಹೋದ ಕೂಡಲೇ 1930ಕ್ಕೆ ತಿಳಿಸಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ದೂರು ಕೊಡಲು 'ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ' ಎಂಬ ಅಡ್ಡಿಯೂ ಈಗಿಲ್ಲ. ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ದಾಖಲಿಸಬಹುದು.

ಅಂತರಸಂತೆಯಲ್ಲಿ ನಾವೇನು ಮಾಡಬಹುದು?

ನಮ್ಮದು ದಾರಿಯ ಮೇಲಿನ ಊರು. ಮೈಸೂರಿನಿಂದ ಹೆಗ್ಗಡದೇವನಕೋಟೆ ದಾಟಿ ಬಾವಲಿ, ಮಾನಂದವಾಡಿಗೆ ಹೋಗುವವರು ಇಲ್ಲೇ ಹಾಯುತ್ತಾರೆ. ಕಾಡಿನ ದಾರಿ ಸಂಜೆ ಆರಕ್ಕೆ ಮುಚ್ಚುವುದರಿಂದ ಹೊತ್ತು ಮೀರಿ ಬಂದವರು ಈ ಕಡೆಯೇ ಉಳಿಯಬೇಕಾಗುತ್ತದೆ. ಕಬಿನಿ ಹಿನ್ನೀರು, ನಾಗರಹೊಳೆ ನೋಡಲು ದೂರದವರು ಬರುತ್ತಾರೆ. ನಮ್ಮವರೂ ಕೂಲಿಗೆಂದು ಕೊಡಗಿಗೆ, ಕೇರಳಕ್ಕೆ ಹೋಗಿ ಅಲ್ಲಿ ಅಪರಿಚಿತರಾಗಿ ನಿಲ್ಲುತ್ತಾರೆ. ಅಪರಿಚಿತ ಎಂದರೆ ಕಳ್ಳ ಎಂದುಕೊಂಡರೆ ನಮ್ಮ ಊರಿನ ಬದುಕೇ ನಡೆಯದು.

ನಮಗೆ ಒಂದು ಒಳ್ಳೆಯ ಅಭ್ಯಾಸ ಈಗಾಗಲೇ ಇದೆ. ಕಾಡಂಚಿನ ಹಳ್ಳಿಗಳಲ್ಲಿ ಆನೆ ಹೊರಗೆ ಬಂದರೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ, ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಆಗ ಪಕ್ಕದ ಮನೆಯವರ ಜಾತಿ, ಧರ್ಮ, ಪಕ್ಷ ಯಾರೂ ಕೇಳುವುದಿಲ್ಲ. ಅದೇ ಕ್ರಮವನ್ನು ಉಳಿದ ವಿಷಯಗಳಿಗೂ ತಂದರೆ ಸಾಕು:

1. ಹತ್ತು ಮನೆಗಳ ಒಂದು ಗುಂಪು ಮಾಡಿ. ಬೀದಿಯಲ್ಲಿರುವ ಎಲ್ಲ ಸಮುದಾಯದವರೂ ಅದರಲ್ಲಿರಲಿ. ಮಸೀದಿ ಕಮಿಟಿ, ದೇವಸ್ಥಾನ ಸಮಿತಿ, ಸ್ತ್ರೀಶಕ್ತಿ ಸಂಘ, ಯುವಕ ಸಂಘ ಬೇರೆ ಬೇರೆ ಇರುವುದು ಸರಿಯೇ. ತಿಂಗಳಿಗೊಮ್ಮೆ ಅವರೆಲ್ಲ ಒಂದೇ ಜಗಲಿಯಲ್ಲಿ ಕೂರಲಿ.

2. ಮೊದಲ ಸಭೆಗೆ ಬೀಟ್ ಪೊಲೀಸರನ್ನು ಕರೆಯಿರಿ. ಅಪರಾಧ ನಡೆದ ಮೇಲೆ ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ ಮೊದಲೇ ಪರಿಚಯವಾಗಿರುವುದು ಸುಲಭ.

3. ಕತ್ತಲೆಯ ಪಟ್ಟಿ ಮಾಡಿ. ಯಾವ ಬೀದಿದೀಪ ಕೆಟ್ಟಿದೆ, ಬಸ್ಸಿಳಿದು ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ಯಾವ ತಿರುವಿನಲ್ಲಿ ಭಯವಾಗುತ್ತದೆ ಎಂದು ಅವರನ್ನೇ ಕೇಳಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ. ಗ್ರಾಮಸಭೆಯಲ್ಲಿ ಅದನ್ನು ಓದಿ.

4. ಬೀಗ ಹಾಕಿದ ಮನೆ, ಒಂಟಿ ಹಿರಿಯರು ಇವರ ಮೇಲೆ ಕಣ್ಣಿರಲಿ. ಎರಡು ದಿನ ಬಾಗಿಲು ತೆರೆಯದಿದ್ದರೆ ಯಾರು ಹೋಗಿ ಕೂಗಬೇಕು ಎಂಬುದು ಮೊದಲೇ ಗೊತ್ತಿರಲಿ.

5. ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಇದನ್ನು ಕಣ್ಣಾರೆ ಕಂಡವರು ಯಾರು? ಎಲ್ಲಿ, ಯಾವ ದಿನ? ಠಾಣೆಗೆ ತಿಳಿಸಿದ್ದಾರೆಯೇ? ಉತ್ತರವಿಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ಸಾಯಲಿ. ಮನೆಯ ಹಿರಿಯರಿಗೂ ಇದನ್ನು ಕಲಿಸಿ. ಈ ವಿಷಯದಲ್ಲಿ ನೀವೇ ಅವರ ಗುರುಗಳು.

6. ದಾರಿತಪ್ಪುತ್ತಿರುವ ಗೆಳೆಯನನ್ನು ಗುಂಪಿನಿಂದ ದೂಡಬೇಡಿ. ಕಾಲೇಜು ಬಿಟ್ಟವರು, ಗಾಂಜಾ, ಆನ್‌ಲೈನ್ ಜೂಜಿಗೆ ಬಿದ್ದವರು ಮೊದಲು ಕಳೆದುಕೊಳ್ಳುವುದು ಸ್ನೇಹಿತರನ್ನೇ. ಅಪರಾಧ ತಡೆಯುವುದು ಎಂದರೆ ಅಪರಾಧಿಯಾಗುವ ಮುನ್ನವೇ ಒಬ್ಬನನ್ನು ಉಳಿಸಿಕೊಳ್ಳುವುದೂ ಹೌದು.

ನಮ್ಮ ಊರಿನ ಹೆಸರಿನಲ್ಲಿ 'ಅಂತರ'ವೂ ಇದೆ, 'ಸಂತೆ'ಯೂ ಇದೆ. ಆ ಹೆಸರಿನ ಮೂಲ ಏನೇ ಇರಲಿ, ನಮಗೊಂದು ಪಾಠವಂತೂ ಸಿಕ್ಕಿತು. ಅಂತರ ಹೆಚ್ಚಿದ ಕಡೆ ಭಯ ಹುಟ್ಟುತ್ತದೆ. ಸಂತೆಯಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಾರೆ, ಮಾತನಾಡಿಸುತ್ತಾರೆ, ಚೌಕಾಸಿ ಮಾಡುತ್ತಾರೆ, ಕೊನೆಗೆ ನಗುತ್ತಲೇ ಮನೆಗೆ ಹೋಗುತ್ತಾರೆ. ಇಂದು ಸಂಜೆ ನೋಟ್‌ಬುಕ್ಕಿನ ಆ ಹಾಳೆಯನ್ನು ಮತ್ತೆ ತೆರೆಯಿರಿ. ಒಂದು ಖಾಲಿ ಚೌಕವನ್ನಾದರೂ ತುಂಬಿಸಿ. ಬಾಗಿಲು ತಟ್ಟಿ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ.

ಚರ್ಚೆಗೆ ಪ್ರಶ್ನೆಗಳು

1. ಭಿವಂಡಿಯ ಸಮಿತಿಗೂ ಮುರ್ಕಿಯ ಗುಂಪಿಗೂ ಇರುವ ಮೂರು ವ್ಯತ್ಯಾಸಗಳನ್ನು ಬರೆಯಿರಿ.

2. 'ಕಣ್ಣಾಗಿರಿ, ಕಿವಿಯಾಗಿರಿ; ಕೈಯಾಗಬೇಡಿ.' ಈ ಮಾತನ್ನು 40ನೇ ವಿಧಿಯ ಹಿನ್ನೆಲೆಯಲ್ಲಿ ವಿವರಿಸಿ.

3. ನಿಮ್ಮ ಬೀದಿಯಲ್ಲಿ ಸುರಕ್ಷತೆಗೆ ಅಡ್ಡಿಯಾಗಿರುವ ಒಂದು ಸಮಸ್ಯೆಯನ್ನು ಗುರುತಿಸಿ, ಗ್ರಾಮ ಪಂಚಾಯಿತಿಗೆ ಮನವಿ ಪತ್ರ ಬರೆಯಿರಿ. ತರಗತಿಯಲ್ಲಿ ಓದಿದ ಮೇಲೆ ಅದನ್ನು ನಿಜವಾಗಿಯೂ ಸಲ್ಲಿಸಿ.