ಕತ್ತು ತಿರುಚುವ ಬ್ರಾಯ್ಲರ್ ಮರಿ: ಲಸಿಕೆಗೆ ಮೊದಲು ಪ್ಯೂಪಾ ಚೀಲ ಮೂಸಿ ನೋಡಿ

ರಾಮನಗರ, ಶಿಡ್ಲಘಟ್ಟದ ಕಡೆ ಸ್ವಂತ ಫೀಡ್ ಕಲಸುವ ಬ್ರಾಯ್ಲರ್ ಸಾಕಣೆದಾರರದ್ದು ಒಂದೇ ದೂರು. ಮೂರು ವಾರದ ಮರಿ ತೂರಾಡುತ್ತದೆ, ಪಕ್ಕಕ್ಕೆ ಬಿದ್ದು ಕಾಲು ಒದೆಯುತ್ತದೆ, ತಲೆ ಹಿಂದಕ್ಕೆ ತಿರುಚುತ್ತದೆ. ನೋಡಿದ್ದೇ ತಡ, ಕೊಕ್ಕರೆ ರೋಗ ಎಂದುಕೊಂಡು ಲಸೋಟಾ ಲಸಿಕೆ ಇನ್ನೊಮ್ಮೆ ಕುಡಿಸುತ್ತಾರೆ. ಸಾವು ಮಾತ್ರ ನಿಲ್ಲುವುದಿಲ್ಲ.

ಕೊಕ್ಕರೆ ರೋಗದಲ್ಲಿ ಸಾಮಾನ್ಯವಾಗಿ ಉಬ್ಬಸ, ಹಸಿರು ಹಿಕ್ಕೆ ಇರುತ್ತವೆ. ಅವಿಲ್ಲದೆ ಬರೀ ತೂರಾಟವಿದ್ದು, ಕೊಯ್ದಾಗ ಕಿರುಮೆದುಳು ಮೆತ್ತಗಾಗಿ ರಕ್ತದ ಚುಕ್ಕೆ ಕಂಡರೆ ವಿಟಮಿನ್ ಇ ಕೊರತೆಯನ್ನು ಶಂಕಿಸಿ. ಊಹೆಯ ಮೇಲೆ ಔಷಧಿ ಬೇಡ. ಸತ್ತ ಒಂದೆರಡು ಹಕ್ಕಿಯನ್ನು ಅಂದೇ ಪಶುವೈದ್ಯರಿಗೆ ತೋರಿಸಿ.

ಕೊರತೆಯ ಮೂಲ ಪ್ಯೂಪಾ ಚೀಲದಲ್ಲಿದೆ. ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಪ್ಯೂಪಾ ಒಳ್ಳೆಯ ಪ್ರೋಟೀನು, ಅದರಲ್ಲಿ ಎರಡು ಮಾತಿಲ್ಲ. ಒಣಗಿದ್ದರಲ್ಲಿ ಶೇ. 50ರಷ್ಟು ಪ್ರೋಟೀನಿದೆ, ಆದರೆ ಎಣ್ಣೆಯೂ ಶೇ. 25–30 ಇದೆ. ಅಗ್ಗಕ್ಕೆ ಸಿಕ್ಕಿತೆಂದು ತಿಂಗಳಿಗಾಗುವಷ್ಟು ತಂದು, ಒಟ್ಟಿಗೇ ಪುಡಿ ಮಾಡಿಸಿ ತಗಡಿನ ಕೆಳಗೆ ಪೇರಿಸುವುದೇ ನಮ್ಮವರು ಬಿಡದ ತಪ್ಪು. ಪುಡಿಯಾದ ಮೇಲೆ ಗಾಳಿ, ಸೆಕೆಗೆ ಎಣ್ಣೆ ಬೇಗ ಕಮಟುತ್ತದೆ. ಕಮಟಿದ ಎಣ್ಣೆ ಫೀಡಿನ ವಿಟಮಿನ್ ಇ ಯನ್ನು ಕೆಡಿಸುತ್ತದೆ. ‘ಕೋಳಿ ತಿನ್ನುತ್ತದಲ್ಲ ಸಾರ್’ ಎನ್ನುತ್ತಾರೆ. ತಿನ್ನುತ್ತದೆ, ಆಮೇಲೆ ಬೀಳುತ್ತದೆ.

ಎಣ್ಣೆ ತೆಗೆದ ಪ್ಯೂಪಾವನ್ನೇ ಕೊಳ್ಳಿ. ತೇವಾಂಶ ಶೇ. 10 ಮೀರಬಾರದು. 100 ಕೆಜಿ ಫೀಡಿಗೆ 5 ಕೆಜಿ ಸಾಕು: 6 ಕೆಜಿ ಸೋಯಾ ಹಿಂಡಿ ಇಳಿಸಿ, 5 ಕೆಜಿ ಪ್ಯೂಪಾ, 1 ಕೆಜಿ ಮೆಕ್ಕೆಜೋಳ ಸೇರಿಸಿ. ಎಣ್ಣೆ ತೆಗೆಯದ್ದೇ ಗತಿಯಾದರೆ 3 ಕೆಜಿಗೆ ನಿಲ್ಲಿಸಿ, ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿಸಿ. ಮಾರಾಟಕ್ಕೆ ಮುಂಚಿನ ವಾರ ಅದನ್ನು ಪೂರ್ತಿ ಬಿಡಿ, ಇಲ್ಲವಾದರೆ ಮಾಂಸಕ್ಕೆ ವಾಸನೆ ಹಿಡಿಯುತ್ತದೆ.

ಶೇ. 50ರ ವಿಟಮಿನ್ ಇ ಪುಡಿ 100 ಕೆಜಿ ಫೀಡಿಗೆ 10 ಗ್ರಾಂ, ಕಮಟು ತಡೆಯುವ ಬಿಎಚ್‌ಟಿ 12.5 ಗ್ರಾಂ. ತಕ್ಕಡಿಯಲ್ಲಿ ತೂಗಿ, ಚಮಚದ ಲೆಕ್ಕ ನನಗೆ ಹೇಳಬೇಡಿ. ಮೊದಲು 1 ಕೆಜಿ ಜೋಳದ ಹಿಟ್ಟಿನಲ್ಲಿ, ಬಳಿಕ 10 ಕೆಜಿಯಲ್ಲಿ ಕಲಸಿ, ಕೊನೆಗೆ ರಾಶಿಗೆ ಹಾಕಿ. ಪ್ರಿಮಿಕ್ಸ್ ಪೊಟ್ಟಣದಲ್ಲಿ ಬಿಎಚ್‌ಟಿ ಆಗಲೇ ಇದ್ದರೆ ಅಷ್ಟನ್ನು ಕಳೆಯಿರಿ.

ರೋಗ ಕಾಣಿಸಿದ ಶೆಡ್ಡಿನಲ್ಲಿ ಹಳೆಯ ಫೀಡನ್ನು ಅಂದೇ ತೆಗೆಯಿರಿ. ಲಸಿಕೆ ಮತ್ತೆ ಕುಡಿಸುವುದು ಬೇಡ, ಅದರ ಕಂತು ತಪ್ಪಿದ್ದರೆ ಅದು ಬೇರೆ ಮಾತು. ವಿಟಮಿನ್ ಇ–ಸೆಲೆನಿಯಂ ದ್ರಾವಣವನ್ನು ಲೇಬಲ್ಲಿನಲ್ಲಿರುವ ಪ್ರಮಾಣದಲ್ಲೇ ನೀರಿನಲ್ಲಿ ಕೊಡಿ. ಸೆಲೆನಿಯಂ ಹೆಚ್ಚಾದರೆ ವಿಷ. ಮಗ್ಗುಲಾಗಿ ಮಲಗಿಬಿಟ್ಟ ಹಕ್ಕಿ ಏಳುವುದು ಅಪರೂಪ.

ಪ್ಯೂಪಾ ಬಿಟ್ಟು ಒಣಮೀನಿಗೆ ಹೋಗುವವರು ಉಪ್ಪಿನ ಲೆಕ್ಕ ಮರೆಯಬೇಡಿ. ಶೇ. 10 ಉಪ್ಪಿರುವ ಮೀನು 5 ಕೆಜಿ ಹಾಕಿದರೆ ಅದರಲ್ಲೇ ಅರ್ಧ ಕೆಜಿ ಉಪ್ಪು ಬಂತು. ಮೇಲೆ ಒಂದು ಹಿಡಿಯನ್ನೂ ಸೇರಿಸಕೂಡದು. ಕಪ್ಪು ಸೈನಿಕ ನೊಣದ ಹುಳು ಸಾಕಿ, ಸಬ್ಸಿಡಿ ಸಿಗುತ್ತದೆ ಎನ್ನುವವರ ಹಿಂದೆ ನಾನಂತೂ ಯಾರನ್ನೂ ಕಳಿಸುವುದಿಲ್ಲ. ಅದೂ ಎಣ್ಣೆಯ ಹುಳುವೇ, ಪುಡಿ ಮಾಡಿ ಪೇರಿಸಿದರೆ ಅದೂ ಕಮಟುತ್ತದೆ.

ಹೊಸ ಬ್ಯಾಚ್ ಇಳಿಸುವ ಮುನ್ನ ಗೋದಾಮಿನಲ್ಲಿರುವ ಹಳೆಯ ಪ್ಯೂಪಾ ಪುಡಿಯನ್ನು ತಿಪ್ಪೆಗೆ ಹಾಕಿ, ಗೊಬ್ಬರವಾದರೂ ಆಗಲಿ.